ಗಾಜಿನ ದೊರೆಗೆ ಆಯೇರಿ

ಫ್ರಾನ್ಸಿನ ಆ ಹಳೆಯ ದೊರೆಯ ಮೇಲೆ ನಾನು ನಾಟಕ ಬರೆದದ್ದು ಕನಿಕರದಿಂದಲ್ಲ. ಹುಡುಗನಿದ್ದಾಗಲೇ ಪಟ್ಟಕ್ಕೆ ಕೂರಿಸಿದರು, ಚಿಕ್ಕಪ್ಪಂದಿರು ಬೊಕ್ಕಸ ಬಳಿದರು. ಒಂದು ಸುಡುಬಿಸಿಲಿನ ದಿನ ಕಾಡಿನಲ್ಲಿ ತಲೆಕೆಟ್ಟು ತನ್ನ ಸವಾರರನ್ನೇ ಕಡಿದ. ಆಮೇಲೆ ಹೆಂಡತಿಯ ಗುರುತೂ ಹತ್ತದಾಯಿತು. ತಾನು ಗಾಜಿನವನು, ಮುಟ್ಟಿದರೆ ಒಡೆಯುತ್ತೇನೆ ಎಂದು ಬಟ್ಟೆಯೊಳಗೆ ಕಬ್ಬಿಣದ ಸರಳು ಹೊಲಿಸಿಕೊಂಡ. ಕೊನೆಗೆ ಮಗನನ್ನು ಬದಿಗೊತ್ತಿ, ಶತ್ರುದೇಶದ ದೊರೆಯನ್ನು ಅಳಿಯನಾಗಿ ಮಾಡಿಕೊಂಡು, ರಾಜ್ಯವನ್ನು ಅವನಿಗೆ ಬರೆದುಕೊಟ್ಟ. ಇಷ್ಟಾದರೂ ಸಾಯುವವರೆಗೆ ಅವನ ಕಿರೀಟ ಯಾರೂ ಇಳಿಸಲಿಲ್ಲ. ಇಂಥ ದೊರೆ ಸುತ್ತಲಿನವರಿಗೆ ಅನುಕೂಲ.

ಬನಹಟ್ಟಿಯಲ್ಲಿ ಆ ಪಾತ್ರ ಮಾಡಿದವನು ಒಂದು ಸಹಕಾರಿ ಸಂಘದ ಹಂಗಾಮಿ ಗುಮಾಸ್ತ. ನೌಕರಿ ಕಾಯಂ ಆಗಲು ಸಂಘದ ಅಧ್ಯಕ್ಷರ ಸಹಿಯೊಂದೇ ಬಾಕಿ ಇತ್ತು. ಅಣ್ಣನ ಮಗ್ಗದ ಶೆಡ್ಡಿನಿಂದ ಸರಳು ತಂದು ರಾಜನ ಅಂಗಿಗೆ ಹೊಲಿಸಿದವನೂ ಅವನೇ. ಎಂಟಿದ್ದವೋ ಹತ್ತೋ, ನನ್ನ ನೆನಪು ಪ್ರತಿಸಲ ಒಂದು ಸೇರಿಸುತ್ತದೆ, ಅದನ್ನು ನಂಬಬೇಡಿ.

"ಹಾಕ್ಕೊಂಡ ಮ್ಯಾಲ ಕುಂಡ್ರಾಕ ಬರ್ತೈತೇನೋ?" ಎಂದೆ.

"ರಾಜಾ ಯಾಕ ಕುಂಡ್ರಬೇಕ್ರಿ ಸರ? ನಿಂತ ಆಳ್ತಾನ."

ಇಬ್ಬರೂ ಆಯೇರಿಯನ್ನು ಮರೆತಿದ್ದೆವು. ನಮ್ಮ ಕಡೆ ನಾಟಕ ನಡೆದಿರುವಾಗಲೇ ಊರ ದೊಡ್ಡವರು ವೇದಿಕೆ ಹತ್ತಿ ಪಾತ್ರಧಾರಿಗೆ ಶಾಲು ಹೊದಿಸುತ್ತಾರೆ. ರಾಮನಿರಲಿ ರಾವಣನಿರಲಿ, ಬಗ್ಗಿ ಅವರ ಕಾಲು ಮುಟ್ಟಿ, ಬಿಟ್ಟ ಮಾತನ್ನು ಮುಂದುವರಿಸಬೇಕು.

"ಮುಟ್ಟಬೇಡಿ, ಒಡೆದುಹೋಗುತ್ತೇನೆ" ಎಂದು ದೊರೆ ಚೀರುವ ಹೊತ್ತಿಗೇ ಅಧ್ಯಕ್ಷರು ಬಂದರು. ಶಾಲು ಹೊದಿಸಿದರು. ಬಲಗಾಲು ತುಸು ಮುಂದಿಟ್ಟು ನಿಂತರು. ಗುಮಾಸ್ತ ಬಗ್ಗಲು ನೋಡಿದ, ಸರಳು ಬಿಡಲಿಲ್ಲ.

"ಬಗ್ಗಲೇ ರಾಜಾ!" ಕೆಳಗಿನಿಂದ ಯಾರೋ ಕೂಗಿದರು.

"ಸೊಕ್ಕ ನೋಡಲೇ ಮಗಂದು! ನೌಕರಿ ಆಗೂದ್ರಾಗ ಇಷ್ಟ, ಆದ ಮ್ಯಾಲ ಎಷ್ಟ?"

ಜನ ನಕ್ಕರು. ಅಧ್ಯಕ್ಷರು ನಗದೆ ಕೆಳಗಿಳಿದರು.

ಮರುದಿನ ಬೆಳಿಗ್ಗೆ ಅವನು ಆ ಅಂಗಿ ಹೊತ್ತು, ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದ.

"ಸೊಕ್ಕಲ್ರಿ ಸಾಹೇಬ್ರ, ಸರಳ್ರಿ. ನೀವ ಮುಟ್ಟಿ ನೋಡ್ರಿ."

ಅಧ್ಯಕ್ಷರು ಚಹಾ ಕುಡಿಯುತ್ತಲೇ ಒಂದು ಕೈಯಿಂದ ಒತ್ತಿ ನೋಡಿದರು. "ಖರೆ ಐತಿ. ಈಗ ಮೈಮ್ಯಾಲ ಇಲ್ಲಲ್ಲ?"

ಈ ಕತೆ ಹೇಳಿದಾಗೆಲ್ಲ ಕೇಳುವವರು ಇಲ್ಲಿ ಅವನನ್ನು ನೆಟ್ಟಗೆ ನಿಲ್ಲಿಸಬಯಸುತ್ತಾರೆ. ನನ್ನ ನೆನಪೂ ಅಷ್ಟೇ ನಾಚಿಕೆಗೆಟ್ಟದ್ದು, ಕೆಲವು ಸಲ ನಿಲ್ಲಿಸಿಯೇಬಿಡುತ್ತದೆ. ಅವನು ಬಗ್ಗಿದ. ಎರಡೂ ಕಾಲು ಮುಟ್ಟಿದ. ಅಧ್ಯಕ್ಷರು ಅವನ ಬೆನ್ನ ಮೇಲಿಂದ ನನ್ನತ್ತ ನೋಡಿ, "ಮುಂದಿನ ಸಲ ಛಲೋ ರಾಜಾನ್ನ ಹುಡಕ್ರಿ ಸರ" ಎಂದರು. ಆಮೇಲೆ ಒಳಗಿನಿಂದ ಪೆನ್ನು ತರಿಸಿದರು.