ಒಂದೇ ಕೆಲಸಕ್ಕೆ ನಾಲ್ಕು ಮೆಥಡ್

ಸುಮನಾಳ ನಾಲಿಗೆ ಸ್ವಲ್ಪ ಚುರುಕು. ತುಮಕೂರಿನ ಬಟವಾಡಿಯ ಆಫೀಸಿನಲ್ಲಿ ಗಂಡ ಚನ್ನೇಶ್ ಬರೆದ ಪೈಥಾನ್ ಕೋಡನ್ನು ತಿದ್ದುವುದು ಅವಳದೇ ಕೆಲಸ. ಹೀಗಾಗಿ ಮನೆಯ ಜಗಳ ಆಫೀಸಿಗೂ ಆಫೀಸಿನ ಜಗಳ ಮನೆಗೂ ಓಡಾಡುತ್ತಿತ್ತು.

ಅವರದು ಕ್ಲಿನಿಕ್ಕುಗಳಲ್ಲಿ ರೋಗಿಗಳ ಹೆಸರು ಕರೆಯುವ ಪ್ರೋಗ್ರಾಂ. ಗುಬ್ಬಿಯಲ್ಲಿ ಹಾಕಿದ ಮೊದಲ ದಿನ ಸ್ಪೀಕರು ‘ಗಂಗಾಂಬಿಕೆ’ ಎಂದು ಬರಿ ಹೆಸರು ಕೂಗಿತು. ಎಪ್ಪತ್ತು ದಾಟಿದ ಆ ಅಜ್ಜಿ ಕುರ್ಚಿ ಬಿಟ್ಟು ಏಳಲೇ ಇಲ್ಲ. ಚನ್ನೇಶ್ ಅಲ್ಲೇ ಕೂತು, ಹಿರಿಯರ ಹೆಸರಿಗೆ ‘ಅವರು’ ಸೇರಿಸುವ ಪುಟ್ಟ ಕೋಡಿನ ತುಣುಕು, ಅಂದರೆ ಒಂದು ಹೆಲ್ಪರ್ ಮೆಥಡ್ ಬರೆದ. ಆಮೇಲೆ ನಿಟ್ಟೂರು, ಕುಣಿಗಲ್, ತುಮಕೂರು, ಎಲ್ಲಿಗೆ ಹೋದರೂ ಅದನ್ನೇ ನಕಲು ಮಾಡಿ ಆ ಊರಿನ ಹೆಸರಿಟ್ಟ. ಕೋಡಿನ ಒಂದೇ ಕಂತೆಯಲ್ಲಿ ಒಂದೇ ಕೆಲಸಕ್ಕೆ ನಾಲ್ಕು ಆಳು.

“ನಡೀತಿರೋದನ್ನ ಯಾಕೆ ಮುಟ್ಬೇಕು ಬುಡು,” ಅನ್ನುತ್ತಿದ್ದ.

ಕಳೆದ ಶ್ರಾವಣದಲ್ಲಿ, ಕುಣಿಗಲ್‌ಗೆ ಹೊರಟು ಬೈಕು ತೆಗೆಯುವಾಗಲೂ ಅವಳು ಬಿಡಲಿಲ್ಲ. “ನಾಲ್ಕನ್ನ ಒಂದ್ ಮಾಡೋಕೂ ಸೋಮಾರಿತನ ಕಣ್ರೀ ನಿಮ್ಗೆ. ನಿಮ್ ಕಸ ಗುಡಿಸೋದೇ ಆಯ್ತು ನನ್ ಬಾಳು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ತಿರುಗಿಯೂ ನೋಡದೆ ಬೈಕು ಓಡಿಸಿಕೊಂಡು ಹೋದ. ಸಂಜೆ ವಾಪಸ್ ಬರುವಾಗ, ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರಾಕ್ಟರು ಅವನಿಗೆ ಕಾಣಲಿಲ್ಲ. ಮುನಿಸಿಕೊಂಡೇ ಹೋಗಿಬಿಟ್ಟ ಎಂಬ ಸಂಕಟ ಅವಳನ್ನು ವರ್ಷವಿಡೀ ತಿಂದಿತು. ಅತ್ತೆ ಸರ್ವಮಂಗಳಮ್ಮನ ಹತ್ತಿರವೂ ಅದನ್ನು ಬಾಯಿಬಿಟ್ಟಿರಲಿಲ್ಲ.

ಮೊನ್ನೆ ಮ್ಯಾನೇಜರ್ ಗಂಗಾಧರ್ ಹಿಂಜರಿಯುತ್ತ ಬಂದರು. “ಆ ನಾಲ್ಕು ಮೆಥಡ್ ಒಂದ್ ಮಾಡ್ಬೇಕಮ್ಮ. ಬೇರೆಯವ್ರಿಗೆ ಕೊಡ್ಲಾ?”

“ಬೇಡ ಸಾರ್. ನಾನೇ ಮಾಡ್ತೀನಿ.”

ಹುಡುಕುವಾಗ ಚನ್ನೇಶನ ಹೆಸರಿನಲ್ಲಿ ಉಳಿದಿದ್ದ, ಯಾರೂ ತೆರೆಯದ, ಆ ಕೋಡಿನ ಒಂದು ಪ್ರತಿ ಸಿಕ್ಕಿತು. ಅದರಲ್ಲಿ ನಾಲ್ಕು ಹೋಗಿ ಒಂದೇ ಮೆಥಡ್ ಇತ್ತು. ಜೊತೆಗೆ ಒಂದು ಟಿಪ್ಪಣಿ: ‘ಸುಮನಾ ಹೇಳಿದ್ದೇ ಸರಿ. ನಾಲ್ಕೂ ಊರಿನ ರೋಗಿಗಳ ಹೆಸರು ಹಾಕಿ ನೋಡಿದೀನಿ, ನಡೀತದೆ.’

ಹಾಗಾದರೆ ಮುನಿಸಿರಲಿಲ್ಲ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಆಮೇಲೆ ಟಿಪ್ಪಣಿಯ ಪಕ್ಕದ ತಾರೀಖು, ಸಮಯ ಕಣ್ಣಿಗೆ ಬಿತ್ತು. ಅವನು ಹೋದ ಅದೇ ದಿನ, ಸಂಜೆ ಆರೂ ಐವತ್ತು. ಕುಣಿಗಲ್ ಕ್ಲಿನಿಕ್ಕಿನ ಕೆಲಸ ಮೂರಕ್ಕೇ ಮುಗಿದಿತ್ತು, ಮೂಲೆಯಲ್ಲಿ ಕೂತು ಇನ್ನೇನೋ ಮಾಡುತ್ತಿದ್ದರು ಎಂದು ಅಲ್ಲಿಯವರು ಆಗಲೇ ಹೇಳಿದ್ದರು. ಅದೇನೆಂದು ಇಷ್ಟು ದಿನ ಅವಳಿಗೆ ಗೊತ್ತಿರಲಿಲ್ಲ.

“ಆಯ್ತಾಮ್ಮ?” ಎಂದರು ಗಂಗಾಧರ್.

“ಅವ್ರೇ ಮಾಡಿಟ್ಟಿದಾರೆ ಸಾರ್,” ಅಂದಳು. “ನಾನು ಬಯ್ಯದೇ ಇದ್ದಿದ್ರೆ, ಬೆಳಕಿರೋವಾಗ್ಲೇ ಮನೆಗ್ ಬಂದಿರೋರು.”