ಕೈ ಎತ್ತಲು ಬಿಡದ ಭುಜಕವಚ

ಅಕ್ಕನ ಮಗಳು ಸೈಕಲ್‌ನಿಂದ ಬಿದ್ದು ಎಡಭುಜದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಕೊರಳಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದರು. ಹುಡುಗಿ ಮಾತ್ರ ಕೈ ಎತ್ತಲು ಒಪ್ಪಲಿಲ್ಲ. "ನೋವಿಲ್ಲ ಅಂತಾಳೆ, ಎತ್ತು ಅಂದ್ರೆ ಅಳ್ತಾಳೆ ಕಣೇ" ಎಂದು ಕುಣಿಗಲ್‌ನಿಂದ ಅಕ್ಕ ಫೋನ್ ಮಾಡುತ್ತಿದ್ದಳು. ಹೀಗೇ ಬಿಟ್ಟರೆ ಭುಜ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರ್ ಎಚ್ಚರಿಸಿದ್ದರು. ಗುಬ್ಬಿಯಲ್ಲಿ ಅಮ್ಮ ವೀರಭದ್ರನಿಗೆ ಹರಕೆ ಹೊತ್ತಳು.

"ದೇವ್ರಿಗೆ ಎಕ್ಸ್‌ರೇ ತೋರ್ಸಿದ್ಯೇನಮ್ಮ?" ಎಂದೆ.

"ವಾದ ಆಮೇಲ್ ಮಾಡೀಯಂತೆ. ನೀನೇನ್ ಮಾಡಿದೀಯ, ಅದ್ ಹೇಳು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದಿಲ್ಲ. ಅಂದು ವಾದ ಬಿಟ್ಟು, ಫೋನಿಟ್ಟು, ನನ್ನ ಬ್ಲಾಕ್ಸ್ ಡಬ್ಬಿ ಎಳೆದುಕೊಂಡೆ.

ತುಮಕೂರಿನ ಸತ್ಯಮಂಗಲದಲ್ಲಿ ಕೆಲಸ ಮುಗಿಸಿ ರೂಮಿಗೆ ಬಂದರೆ ನನಗೊಂದು ಹುಚ್ಚು: ಒತ್ತಿ ಕೂಡಿಸುವ ಪ್ಲಾಸ್ಟಿಕ್ ಬ್ಲಾಕ್ಸ್‌ನಿಂದ ಕೈಕಾಲು ಆಡಿಸುವ ಯೋಧರ ಗೊಂಬೆ ಮಾಡುವುದು. ಪಟ್ಟಿ ಕಟ್ಟಿದ್ದಾಗಲೇ ಹುಡುಗಿ ಕೇಳಿದ್ದಳು: "ನಂಗೊಂದು ಮಾಡ್ಕೊಡು ಚಿಕ್ಕಿ. ಭುಜಕ್ಕೆ ದಪ್ಪ ಕವಚ ಇರ್ಬೇಕು, ಬಿದ್ರೂ ಮುರೀಬಾರ್ದು." ಅಂಥ ಕವಚ ತೊಟ್ಟ ಗೊಂಬೆ ತಲೆಯ ಮೇಲಕ್ಕೆ ಕೈ ಎತ್ತಿದರೆ, ನೋಡಿ ಇವಳೂ ಎತ್ತಿಯಾಳು ಎಂಬುದು ನನ್ನ ಲೆಕ್ಕ. ಯೋಚಿಸಿದರೆ ಅದೂ ಒಂದು ಹರಕೆಯೇ.

ಕವಚವನ್ನು ಎದೆಗೆ ಕೂಡಿಸಿದೆ. ಕೈ ಅರ್ಧಕ್ಕೇ ತಡೆದು ನಿಂತಿತು. ತೋಳಿಗೆ ಕೂಡಿಸಿದೆ, ಎತ್ತಿದಾಗ ಅಂಚು ಶಿರಸ್ತ್ರಾಣಕ್ಕೆ ಬಡಿದು ಕವಚವೇ ಹಾರಿಹೋಯಿತು. ಚಿಕ್ಕದು ಮಾಡಿದರೆ ಭುಜದ ಕೀಲು ಬೆತ್ತಲೆ. ವಾದವೂ ನನ್ನದೇ, ಪ್ರತಿವಾದವೂ ನನ್ನದೇ, ಎರಡರಲ್ಲೂ ನನಗೇ ಸೋಲು. ಕೊನೆಗೆ ಸಣ್ಣ ತಿರುಗಣಿ ಕೊಟ್ಟೆ; ಕೈ ಮೇಲೇರಿದಂತೆ ಕವಚವೂ ಮಡಚಿ ಮೇಲೇರುತ್ತಿತ್ತು. ಆದರೂ ಒಮ್ಮೊಮ್ಮೆ ಕಳಚುತ್ತಿತ್ತು. ಬಲು ಬಿಗಿಯಾದ ತುಂಡು ಹುಡುಕಿ ಹಾಕಿದೆ. ಅದನ್ನು ಕೂರಿಸಲು ಎರಡೂ ಕೈಯ ಬಲ ಬೇಕಾಯಿತು. ನಂಬಿಕೆ ಮಾತ್ರ ಬರಲಿಲ್ಲ. ಅವಳ ಕಣ್ಣೆದುರೇ ಕಳಚಿಬಿದ್ದರೆ? ಕೈ ಎತ್ತಿದರೆ ಭುಜ ಬೀಳುತ್ತದೆಂದು ನಾನೇ ಸಾಬೀತು ಮಾಡಿಕೊಟ್ಟಂತೆ.

ಭಾನುವಾರ ಗೊಂಬೆಯನ್ನು ಟಿಫನ್ ಡಬ್ಬಿಯಲ್ಲಿಟ್ಟು ತುಮಕೂರಿನಿಂದ ಕುಣಿಗಲ್ ಬಸ್ ಹತ್ತಿದೆ. ಹಂಪ್ ಬಂದಾಗೆಲ್ಲ ಮುಚ್ಚಳ ತೆಗೆದು ನೋಡುತ್ತಿದ್ದೆ.

"ಸಾರು ಚೆಲ್ತದೇನವ್ವಾ?" ಎಂದರು ಪಕ್ಕದ ಹೆಂಗಸು.

"ಇಲ್ಲ, ಭುಜ ಬಿಚ್ಕೊಳ್ತಾ ನೋಡ್ತಿದೀನಿ."

ಅವರು ಸ್ವಲ್ಪ ಸರಿದು ಕೂತರು.

ಅಕ್ಕನ ಮನೆಯಲ್ಲಿ ಹುಡುಗಿ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡೇ ಬಲಗೈಯಿಂದ ಗೊಂಬೆಯ ತೋಳು ಎತ್ತಿದಳು. ಕವಚ ಮಡಚಿಕೊಂಡು ಮೇಲೇರಿತು.

"ನೋಡ್ದಾ? ಅಷ್ಟ್ ದಪ್ಪ ಕವಚ ಇದ್ರೂ ಎತ್ತುತ್ತೆ" ಎಂದೆ.

"ಅದಕ್ಕೆ ನೋವಾಗಲ್ವಲ್ಲ ಚಿಕ್ಕಿ. ಗೊಂಬೆ ಎತ್ತಿದ್ರೆ ನಾನ್ಯಾಕೆ ಎತ್ಬೇಕು?"

ಹೋಲಿಕೆಯೇ ಸರಿಯಿಲ್ಲ ಎಂದು ಎಷ್ಟೋ ಎದುರಾಳಿಗಳನ್ನು ನಾನು ಕೂರಿಸಿದ್ದೆ. ಈಗ ನನ್ನ ಸರದಿ. ಅವಳು ಮತ್ತೆ ಎತ್ತಿದಳು. ಟಪ್ಪೆಂದು ಕವಚ ಹಾರಿ ಟಿವಿ ಸ್ಟ್ಯಾಂಡಿನ ಬಳಿ ಬಿತ್ತು.

ಅವಳು ತನ್ನ ಭುಜ ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ನೋಡಿದ್ದು ನನ್ನನ್ನು.

"ಥೂ, ಎಂಥ ಡಿಸೈನೇ ಇದು! ಕೊಡಿಲ್ಲಿ, ನಾನ್ ಹಾಕ್ತೀನಿ."

ಕವಚ ಹೆಕ್ಕಿ ಕೊಟ್ಟೆ. ಒಂದು ಕೈಯಲ್ಲಿ ಒತ್ತಿದಳು. ಕೂರಲಿಲ್ಲ. ಗೊಂಬೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಒತ್ತಿದಳು, ಜಾರಿತು. ಆಮೇಲೆ ಎಡಗೈ ಮಡಿಲಿನಿಂದ ಎದ್ದು ಗೊಂಬೆಯ ಸೊಂಟ ಹಿಡಿಯಿತು. ತೂತು ಕಾಣಲೆಂದು ಗೊಂಬೆಯನ್ನು ಕಣ್ಣಿನ ಹತ್ತಿರ ತಂದಳು. ಮೊಣಕೈ ಎದೆಯ ಮಟ್ಟಕ್ಕೆ ಬಂತು.

ಅಡುಗೆಮನೆ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಳು. ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದಳು.

ಟಕ್. ಕವಚ ಕೂತಿತು.

"ಇನ್ನೊಂದ್ ಸಲ ಬೀಳ್ಲಿ, ನಿಂಗೈತೆ" ಎಂದು ಕವಚಕ್ಕೆ ಗದರಿ ಅವಳು ಗೊಂಬೆಯ ತೋಳನ್ನು ಮತ್ತೆ ಎತ್ತತೊಡಗಿದಳು. ಎದೆಯ ಮಟ್ಟ ಸಾಲದು, ಡಾಕ್ಟರು ಕೇಳಿದ್ದು ತಲೆಯ ಮೇಲಕ್ಕೆ. ಬೀಳಲಿ, ಈ ಸಲವೂ ಬೀಳಲಿ, ಅವಳ ಎಡಗೈ ಇನ್ನಷ್ಟು ಏಳಲಿ ಎಂದು ನಾನು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಅಮ್ಮನಿಗೆ ಹೇಳಿಲ್ಲ.