ಸೋರೆಬುರುಡೆಯ ಮೇಲಿನ ಸುಣ್ಣದ ಬೊಟ್ಟು

ಬಿರುಕು ಬಿಟ್ಟ ಸೋರೆಬುರುಡೆ ಎಂದು ಗೊತ್ತಿದ್ದೂ ಅದನ್ನು ಹಾಲಮ್ಮನ ಕೈಗೆ ಕೊಟ್ಟವನು ನಾನು. ಅವಳು ಮುಳುಗಿದ ಮೇಲೆ, ತಪ್ಪು ಅವಳದೇ ಎಂದು ಎಲ್ಲರ ಮುಂದೆ ಸುಳ್ಳು ಹೇಳಿದವನೂ ನಾನೇ. ಆಗ ನನಗೆ ಒಂಬತ್ತು ವರ್ಷ ಎನ್ನುವುದು ನಿಜ. ಆದರೆ ಹೋದ ತಿಂಗಳು ಅದೇ ಸುಳ್ಳನ್ನು ಮತ್ತೊಮ್ಮೆ ಕಾಪಾಡಿಕೊಂಡು ಬಂದೆನಲ್ಲ — ಆಗ ನನಗೆ ಒಂಬತ್ತು ವರ್ಷವಾಗಿರಲಿಲ್ಲ.

ಮೀಸೆ ಮೂಡುವ ಮೊದಲೇ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದವನು ನಾನು. ಸಿಂಗಟಗೆರೆ, ಹಿರೇನಲ್ಲೂರು ಕಡೆಯ ತೋಟಗಳನ್ನು ತಿರುಗಿ ಕಾಯಿ ಹಿಡಿದು ಕಡೂರಿಗೆ ತಂದು ಮಾರುತ್ತೇನೆ. ಮಾತಿನಲ್ಲಿ ನನ್ನನ್ನು ಮಣಿಸುವವರು ಕಡಿಮೆ. ವ್ಯಾಪಾರಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಗುರುತು ನೋಡಿ ಕೊಳ್ಳಬೇಡಿ, ವಸ್ತು ನೋಡಿ ಕೊಳ್ಳಿ. ಅವರು ತಲೆಯಾಡಿಸುತ್ತಾರೆ. ಈ ಬುದ್ಧಿ ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ — ಕೇಳಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ನಮ್ಮೂರು ಅಜ್ಜಂಪುರದ ಹತ್ತಿರ. ಅಲ್ಲಿಂದ ಬೆಳಕು ಹರಿಯುವಾಗ ಗಾಡಿ ಕಟ್ಟಿದರೆ ತಿಂಡಿಯ ಹೊತ್ತಿಗೆ ಊರು. ಶಾಲೆಯೆಂದರೆ ಒಂದೇ ಕೋಣೆ. ಬೇಸಿಗೆಯಲ್ಲಿ ಹೆಂಚಿನ ಕಾವು ನೇರ ತಲೆಗೇ ಇಳಿಯುತ್ತಿತ್ತು. ಅಲ್ಲಿಗೆ ತರೀಕೆರೆ ಕಡೆಯಿಂದ ಶ್ರೀಕಂಠ ಮೇಷ್ಟ್ರು ಬಂದರು. ಇನ್ನೂ ಮದುವೆಯಾಗದ ಹುಡುಗ. ಬಂದ ಹೊಸದರಲ್ಲಿ, ಗೋಡೆಗೆ ಒರಗಿ ಮಗ್ಗಿ ಒದರುತ್ತಿದ್ದ ನಮ್ಮನ್ನು ನೋಡಿ, “ಬಾಯಿ ಮಗ್ಗಿ ಹೇಳ್ತೈತೆ, ಕಣ್ಣು ನಿದ್ದೆ ಮಾಡ್ತೈತೆ. ಏಳ್ರೋ ಎಲ್ಲಾ,” ಎಂದು ಎಬ್ಬಿಸಿಕೊಂಡು ಹೊರಟವರು, ನಿಂತದ್ದು ಊರ ಹೊರಗಿನ ಕಲ್ಯಾಣಿಯ ಮುಂದೆ.

ಅಂದಿನಿಂದ ಶನಿವಾರದ ಬೆಳಗಿನ ಶಾಲೆ ಅಲ್ಲಿಯೇ. ಸುತ್ತಲೂ ಕಲ್ಲಿನ ಮೆಟ್ಟಿಲು, ನಡುವೆ ಒಂದು ಕಲ್ಲುಕಂಬ. ನಾವೆಲ್ಲ ಮೇಲಿನ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಬೇಕು. ಮೇಷ್ಟ್ರು ಪಂಚೆ ಮೇಲೆ ಕಟ್ಟಿಕೊಂಡು ನೀರಿನಲ್ಲಿ ನಿಂತು, “ಏಳಾರ್ಲಿ?” ಎನ್ನುತ್ತಿದ್ದರು. ಸರಿ ಹೇಳಿದವರು ಒಂದು ಮೆಟ್ಟಿಲು ಕೆಳಕ್ಕೆ, ನೀರಿನ ಕಡೆಗೆ. ತಪ್ಪಿದವರು ಒಂದು ಮೆಟ್ಟಿಲು ಮೇಲಕ್ಕೆ, ಬಿಸಿಲಿನ ಕಡೆಗೆ. ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವನಿಗೆ ಏಳನೇ ಮಗ್ಗಿ ಎಷ್ಟು ಬೇಗ ಬರುತ್ತದೆ ಎಂದು ನಿಂತವನಿಗೇ ಗೊತ್ತು. ಇನ್ನೊಂದು ಆಟವಿತ್ತು. ಹೆಂಚಿನ ಚೂರುಗಳ ಮೇಲೆ ಅಕ್ಷರ ಕೆತ್ತಿ ಸೊಂಟದ ಮಟ್ಟದ ನೀರಿಗೆ ಎಸೆಯುತ್ತಿದ್ದರು. ಮುಳುಗಿ ತೆಗೆದು, ಮೆಟ್ಟಿಲ ಮೇಲೆ ಜೋಡಿಸಿ, ಪದ ಮಾಡಬೇಕು. ‘ಕಮಲ’ ಮಾಡಲು ಹೋಗಿ ಬರೀ ‘ಮಲ’ ಮಾಡಿಟ್ಟ ಒಬ್ಬನಿಗೆ ಆ ವರ್ಷವಿಡೀ ಅದೇ ಹೆಸರು. ಆ ನಗು ಕಲ್ಲಿಗೆ ತಾಗಿ ತಿರುಗಿ ನಮ್ಮ ಮೇಲೇ ಬೀಳುತ್ತಿತ್ತು... ಇವತ್ತಿಗೂ ಕಾಯಿ ಗಾಡಿಯ ಜೊತೆ ಯಾವುದಾದರೂ ಊರಿನ ಶಾಲೆ ದಾಟುವಾಗ ಮಗ್ಗಿಯ ರಾಗ ಕೇಳಿದರೆ ಎತ್ತುಗಳನ್ನು ನಿಲ್ಲಿಸುತ್ತೇನೆ. ಗಾಡಿಯವನು, “ಏನ್ ಸಾವ್ಕಾರ್ರೇ, ಇಲ್ಲೂ ಕಾಯಿ ಐತಾ?” ಎಂದು ಕೇಳುತ್ತಾನೆ. ಕಿವಿ ಆ ರಾಗದ ಹಿಂದೆ ನೀರಿನ ಸದ್ದನ್ನು ಹುಡುಕುತ್ತಿರುತ್ತದೆ.

ಹಾಲಮ್ಮ ನನ್ನ ತರಗತಿಯವಳೇ. ಕೋಣೆಯೊಳಗೆ ಅವಳ ಬಾಯಲ್ಲಿ ಒಂದು ಮಾತು ಹೊರಡುತ್ತಿರಲಿಲ್ಲ. ಸ್ಲೇಟನ್ನು ಎದೆಗೆ ಅವಚಿಕೊಂಡು ಬಾಗಿಲ ಹತ್ತಿರ ಕೂತಿರುತ್ತಿದ್ದಳು. ಹಿಂದಿನ ಮೇಷ್ಟ್ರು ಅವಳನ್ನು ದಡ್ಡಿ ಎಂದೇ ತೀರ್ಮಾನಿಸಿದ್ದರು. ಆದರೆ ನೀರಿನ ಹತ್ತಿರ ಬಂದ ಹಾಲಮ್ಮ ಬೇರೆಯೇ. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ, ಮೆಟ್ಟಿಲು ಹಾರಿ, ನನ್ನನ್ನು ಬಿಸಿಲಿನಲ್ಲೇ ಬಿಟ್ಟು ಕೆಳಗಿಳಿದುಬಿಡುತ್ತಿದ್ದಳು. ಕೆಳಗಿನಿಂದ ತಿರುಗಿ, “ಬಾರೋ ಬಸ್ಯಾ, ಅಲ್ಲೇ ಒಣಗ್ತೀಯಾ?” ಎನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಶನಿವಾರ ಯಾವಾಗ ಬರುತ್ತದೋ ಎಂದು ಕಾಯುತ್ತಲೂ ಇದ್ದೆ. ಅವಳಿಲ್ಲದ ಆಟ ಆಟವೇ ಅಲ್ಲ ಎಂಬುದು ಆಗಲೇ ಗೊತ್ತಿತ್ತೇನೋ...

ನಮ್ಮ ಕಡೆ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವುದು ರೂಢಿ. ಒಳಗೆಲ್ಲ ಟೊಳ್ಳು, ಹಾಗಾಗಿ ತೇಲಿಸುತ್ತದೆ. ಮೇಷ್ಟ್ರು ಒಬ್ಬೊಬ್ಬರ ಬುರುಡೆಯನ್ನೂ ನೀರಿನಲ್ಲಿ ಅದುಮಿ ಹಿಡಿದು, ಗುಳ್ಳೆ ಏಳದಿದ್ದರೆ ಅದರ ಮೇಲೆ ಒಂದು ಸುಣ್ಣದ ಬೊಟ್ಟು ಇಟ್ಟಿದ್ದರು. ಬೊಟ್ಟಿದ್ದರೆ ಮಾತ್ರ ಕಂಬದವರೆಗೆ ಹೋಗಬಹುದು. ಮಗ್ಗಿ ತಪ್ಪಿಲ್ಲದೆ ಮುಗಿಸಿದವರು ಈಜಿ ಹೋಗಿ ಕಂಬ ಮುಟ್ಟಿ ಬರಬೇಕು, ಅದೇ ಬಹುಮಾನ.

ನನ್ನ ಬುರುಡೆಗೂ ಬೊಟ್ಟು ಬಿದ್ದಿತ್ತು. ಆಮೇಲೆ ಒಂದು ದಿನ ಅದು ಅಟ್ಟದಿಂದ ಉರುಳಿ ಬಿರುಕು ಬಿಟ್ಟಿತು. ಅವ್ವನಿಗೆ ಹೇಳಿದರೆ ಬೈಗುಳ, ಮೇಷ್ಟ್ರಿಗೆ ಹೇಳಿದರೆ ಕಂಬ ದೂರ. ಜೇನುಮೇಣ ಕರಗಿಸಿ ಬಿರುಕಿಗೆ ತುಂಬಿದೆ. ಮೇಲೆ ಕೆಮ್ಮಣ್ಣು ತಿಕ್ಕಿದೆ. ಬೊಟ್ಟನ್ನು ಮಾತ್ರ ಮುಟ್ಟಲಿಲ್ಲ.

ಶನಿವಾರ ದಾರಿಯಲ್ಲೇ ಹಾಲಮ್ಮನನ್ನು ಹಿಡಿದೆ.

“ಏ ಹಾಲಿ, ಇಷ್ಟು ಸಣ್ಣ ಬುರುಡೆ ಕಟ್ಕಂಡು ಕಂಬ ಮುಟ್ತೀಯೇನೇ? ಎಮ್ಮೆ ಬೆನ್ನಿಗೆ ನಿಂಬೆಹಣ್ಣು ಕಟ್ದಂಗೈತೆ.”

“ನೀನೇ ಎಮ್ಮೆ. ಸಣ್ದಾದ್ರೂ ಹಗುರೈತೆ ಕಣೋ.”

“ನಂದು ನೋಡು, ಎಷ್ಟ್ ದಪ್ಪ. ಬೇಕಾದ್ರೆ ಬದ್ಲಾಯ್ಸ್ಕ.”

ಅವಳು ಕಣ್ಣು ಕಿರಿದು ಮಾಡಿದಳು. “ಅಷ್ಟು ಚೆಂದಾಗಿರೋದನ್ನ ನೀನ್ಯಾಕೋ ಕೊಡ್ತೀಯ?”

“ನಂಗೆ ಈಜು ಬಂದೋಯ್ತು, ದೊಡ್ದ್ಯಾಕೆ? ಮೇಷ್ಟ್ರ ಬೊಟ್ಟೈತೆ ನೋಡು ಬೇಕಾದ್ರೆ.”

ಬೊಟ್ಟು ನೋಡಿದಳು. ಬಿರುಕು ನೋಡಲಿಲ್ಲ. “ಆಮೇಲೆ ವಾಪಸ್ ಕೇಳ್ಬಾರ್ದು ಮತ್ತೆ,” ಎಂದಳು. “ತಾಯಾಣೆ ಕೇಳಲ್ಲ,” ಎಂದೆ.

ಮೇಣ ಹಿಡಿಯುತ್ತದೆ ಎಂದುಕೊಂಡಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಿಡಿಯುತ್ತದೆ ಎಂಬ ನಂಬಿಕೆ ಇದ್ದಿದ್ದರೆ ನಾನೇ ಕಟ್ಟಿಕೊಳ್ಳುತ್ತಿದ್ದೆನಲ್ಲ.

ಅವತ್ತು ಎಂಟನೇ ಮಗ್ಗಿ. ಹಾಲಮ್ಮ ಒಂದೂ ತಪ್ಪದೆ ಮುಗಿಸಿ, ಬುರುಡೆಯನ್ನು ಬೆನ್ನಿಗೆ ತಾನೇ ಕಟ್ಟಿಕೊಂಡಳು. ಗಂಟು ಹಾಕುವುದನ್ನೂ ಮೇಷ್ಟ್ರು ನಮಗೆ ಪಾಠದ ಹಾಗೆಯೇ ಕಲಿಸಿದ್ದರು. ಕಂಬ ಮುಟ್ಟಿದಳು. ಕೈ ಎತ್ತಿ ಏನೋ ಕೂಗಿದಳು — ನನಗೇ ಇರಬೇಕು. ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ಅವಳ ಬೆನ್ನು ಒಂದು ಪಕ್ಕಕ್ಕೆ ವಾಲಿತು. ಕೈ ಬಡಿದಳು. ಆಮೇಲೆ ನೀರಿನ ಮೇಲೆ ಅವಳ ಜಡೆ ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಮೇಷ್ಟ್ರು ಧುಮುಕಿ ಅವಳನ್ನು ಎತ್ತಿ ತಂದರು. ಮೆಟ್ಟಿಲ ಮೇಲೆ ಮಲಗಿಸಿ ಬೆನ್ನು ತಟ್ಟಿದರು. ನೀರು ಕಕ್ಕಿ, ಉಸಿರೆಳೆದು, ಅತ್ತಳು. ನೀರು ತುಂಬಿದ ಬುರುಡೆ ಭಾರಕ್ಕೆ ಹಗ್ಗದಿಂದ ಜಾರಿ ತಳ ಸೇರಿತ್ತು. ಅವಳ ಸೊಂಟದಲ್ಲಿ ಬರಿ ಹಗ್ಗ ತೂಗಾಡುತ್ತಿತ್ತು.

ಮೇಷ್ಟ್ರು ಆ ಹಗ್ಗ ಹಿಡಿದು ಕೇಳಿದರು: “ಬುರುಡೆ ಹೆಂಗ್ರೋ ಹೋಯ್ತು? ಯಾರಾದ್ರೂ ನೋಡಿದ್ರಾ?”

ಯಾರೂ ನನ್ನನ್ನು ಕೇಳಿರಲಿಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು. ನಾನೇ ಮುಂದೆ ಬಂದು ಹೇಳಿದೆ:

“ಅವ್ಳೇ ಗಂಟು ಸಡ್ಲ ಮಾಡ್ಕಂತಿದ್ಲು ಸಾ. ನಾನ್ ನೋಡ್ದೆ.”

ಹಾಲಮ್ಮ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಹೌದಾ, ನಾನು ಹಾಗೆ ಮಾಡಿದೆನಾ ಎಂದು ತನ್ನನ್ನೇ ಕೇಳಿಕೊಳ್ಳುವವಳ ಹಾಗೆ.

ಮಧ್ಯಾಹ್ನದೊಳಗೆ ಅವಳ ಅಪ್ಪ ಶಾಲೆಯ ಮುಂದೆ ನಿಂತಿದ್ದ. “ಹೆಣ್ಮಕ್ಕಳನ್ನ ನೀರಿಗಿಳ್ಸು ಅಂತ ನಿಮ್ಗೆ ಯಾರ್ರೀ ಹೇಳಿದ್ದು? ಮಗ್ಗಿ ಕಲ್ಸಕ್ಕೆ ಗ್ವಾಡೆ ಸಾಲ್ದಾ?” ಮೇಷ್ಟ್ರು ತಲೆ ತಗ್ಗಿಸಿದ್ದರು. “ತಪ್ಪಾಯ್ತು ಗೌಡ್ರೇ. ನನ್ನನ್ನ ಏನ್ ಬೇಕಾದ್ರೂ ಅನ್ನಿ, ಮಗೂನ ಮಾತ್ರ ಶಾಲೆ ಬಿಡಿಸ್ಬೇಡಿ,” ಎಂದರು. ಬಿಡಿಸಿದ. ಮರುವಾರದಿಂದ ಬಾಗಿಲ ಹತ್ತಿರದ ಜಾಗ ಖಾಲಿ. ಉಳಿದ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ಮನೆಯಲ್ಲಿ ಉಳಿಸಿಕೊಂಡರು. ಆ ಬೇಸಿಗೆ ಕಳೆಯುವುದರೊಳಗೆ ಮೇಷ್ಟ್ರಿಗೂ ವರ್ಗವಾಯಿತು. ನಾವು ಮತ್ತೆ ಗೋಡೆಗೆ ಒರಗಿ ಒಂಬತ್ತನೇ ಮಗ್ಗಿ ಒದರಿದೆವು. ಅವಳ ಸಣ್ಣ ಬುರುಡೆ ನಮ್ಮ ಅಟ್ಟದ ಮೇಲೇ ಉಳಿಯಿತು. ನಾನು ಅದನ್ನು ಒಂದು ಸಲವೂ ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡು ಹೋಗಲು ನೀರೇ ಇರಲಿಲ್ಲವಲ್ಲ ನಮ್ಮ ಪಾಲಿಗೆ.

ಇಷ್ಟಕ್ಕೇ ಮುಗಿದಿದ್ದರೆ ಬಾಲ್ಯದ ತಪ್ಪು ಎಂದು ಮುಚ್ಚಿಟ್ಟುಬಿಡುತ್ತಿದ್ದೆನೇನೋ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ತರೀಕೆರೆಯ ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಒಂದು ದನಿ: “ಏನಪ್ಪಾ ಬಸ್ಯಾ, ಹೊಟ್ಟೆ ಬಂದೈತಲ್ಲೋ!” ಹಾಲಮ್ಮ. ಲಿಂಗದಹಳ್ಳಿಗೆ ಕೊಟ್ಟಿದ್ದಾರೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಸೆರಗು ಹಿಡಿದುಕೊಂಡು ಆರು ವರ್ಷದ ಮಗಳು. ಅದೇ ಕಣ್ಣು. ನಿಂತಿದ್ದ ಬಸ್ಸು ತೋರಿಸಿ, “ಇದು ನಮ್ಮೂರಿಗೆ ಹೋಗ್ತೈತಾ, ನೋಡಿ ಹೇಳೋ,” ಎಂದಳು. ಬಸ್ಸಿನ ಹಣೆಯ ಬೋರ್ಡು ಅವಳ ಎದುರಿಗೇ ಇತ್ತು. ಒದ್ದೆ ಹೆಂಚಿನ ಚೂರುಗಳನ್ನು ನಮ್ಮೆಲ್ಲರಿಗಿಂತ ಮೊದಲು ಜೋಡಿಸುತ್ತಿದ್ದವಳು ಅಕ್ಷರವನ್ನೇ ಮರೆತಿದ್ದಳು... ಓದಿ ಹೇಳಿದೆ.

“ಮಗಳು ಶಾಲೆಗೆ?” ಎಂದೆ.

“ಇವ್ಳಾ? ಇವ್ಳೂ ನನ್ನಂಗೇ ಕಣೋ, ಕೈ ಸುಮ್ನಿರಲ್ಲ. ಗಂಟು ಬಿಚ್ಚೋ ಬುದ್ಧಿ. ಶಾಲೆಗ್ ಹೋಗಿ ನಾನೇನ್ ಮಾಡ್ದೆ, ಪಾಪ ಆ ಮೇಷ್ಟ್ರ ಬದುಕಿಗೆ ಮಣ್ಣು ಹಾಕ್ದೆ. ಇವ್ಳು ಇನ್ಯಾರಿಗೆ ಹಾಕ್ತಾಳೋ. ಮನೇಲೇ ಇರ್ಲಿ.” ನಗುತ್ತಲೇ ಹೇಳಿದಳು. ಬಸ್ಸು ಹತ್ತಿದವಳು ಕಿಟಕಿಯಿಂದ ಬಗ್ಗಿ, “ಊರೂರು ತಿರ್ಗೋನು ನೀನು, ಮೇಷ್ಟ್ರು ಎಲ್ಲಾದ್ರೂ ಸಿಕ್ರೆ ಹೇಳೋ. ತಪ್ಪು ನಂದೇ ಅಂತ. ಹಾಲಮ್ಮ ಕೈ ಮುಗ್ದು ಹೇಳಿದ್ಲು ಅನ್ನು,” ಎಂದಳು.

ಬಾಯಿ ತೆರೆದೆ. ಬಸ್ಸು ಹೊರಟಿತು — ಅಲ್ಲ, ಬಸ್ಸು ಇನ್ನೂ ನಿಂತಿತ್ತು. ನಾನೇ ತಡ ಮಾಡಿದೆ.

ಹೋದ ತಿಂಗಳು ಅಜ್ಜಂಪುರ ರೈಲು ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕೇಬಿಟ್ಟರು. ಕಿವಿಯ ಹತ್ತಿರ ನರೆ, ಕೈಯಲ್ಲಿ ಕೊಡೆ; ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಪಾಠ ಹೇಳಿಕೊಂಡಿದ್ದಾರೆ. ನಾನು ಏನು ಮಾಡಿದೆ ಗೊತ್ತೇ? ಅವಳ ಮಾತನ್ನು ಅವರಿಗೆ ತಲುಪಿಸಿದೆ. ಒಂದಕ್ಷರ ಬಿಡದೆ. ತಪ್ಪು ಮಾಡಿದವನೇ ನಡುವೆ ನಿಂತು, ಮಾಡದವಳ ತಪ್ಪೊಪ್ಪಿಗೆಯನ್ನು ಮಾಡದವರಿಗೆ ಮುಟ್ಟಿಸಿದೆ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. “ಕೂಸು ಕಣಯ್ಯ ಅದು. ಗಂಟು ನೋಡ್ಬೇಕಾಗಿದ್ದೋನು ನಾನು. ಅವತ್ತಿಂದ ಒಂದ್ ಮಗೂನೂ ನೀರಿಗಿಳಿಸಿಲ್ಲ, ನೋಡು... ಅವ್ಳಿಗೆ ಹೇಳು, ಮೇಷ್ಟ್ರದೇ ತಪ್ಪು ಅಂತ.” ರೈಲು ಬಂತು. ಹತ್ತುವ ಮೊದಲು ನನ್ನ ಭುಜ ತಟ್ಟಿದರು: “ಇಷ್ಟು ವರ್ಷ ಆದ್ಮೇಲೂ ಅವ್ಳ ಮಾತು ಹೊತ್ತು ತಂದ್ಯಲ್ಲ, ಒಳ್ಳೆಯವನಪ್ಪ ನೀನು.”

ಆ ಕೈಯ ಭಾರ ಇನ್ನೂ ಇಲ್ಲೇ ಇದೆ.

ಮೇಷ್ಟ್ರ ಮಾತನ್ನು ಲಿಂಗದಹಳ್ಳಿಗೆ ಮುಟ್ಟಿಸಲಿಲ್ಲ. ಆ ಕಡೆ ಆಗೀಗ ಮಾಡುತ್ತಿದ್ದ ವ್ಯಾಪಾರವನ್ನೇ ಬೇರೆಯವರಿಗೆ ಬಿಟ್ಟೆ. ಬದಲಿಗೆ ಏನು ಕೊಟ್ಟರೆ ಇದು ಸರಿಹೋದೀತು ಎಂದು ಲೆಕ್ಕ ಹಾಕಿದೆ — ಹುಡುಗಿಗೆ ಪುಸ್ತಕವೋ, ಬಟ್ಟೆಯೋ, ಶಾಲೆಯ ಖರ್ಚೋ. ಚೌಕಾಸಿ ನನ್ನ ರಕ್ತದಲ್ಲಿದೆ. ಸತ್ಯವೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೊಡಲು ಸಿದ್ಧನಿದ್ದೆ.

ಇದನ್ನು ನೀವು ಓದುತ್ತಿದ್ದೀರಿ. ಹಾಲಮ್ಮ ಓದಲಾರಳು, ಹಾಗೆ ಮಾಡಿದವನು ನಾನು. ಯಾರ ಕೈಯಲ್ಲೋ ಓದಿಸಿ ಹೇಳಿಸುವ ಮಾತೂ ಇದಲ್ಲ. ಶಾಲೆಗಳು ತೆರೆಯಲು ಇನ್ನು ಕೆಲವೇ ದಿನಗಳಿವೆ. ನಾಳೆ ಬೆಳಗಿನ ಬಸ್ಸಿಗೆ ಲಿಂಗದಹಳ್ಳಿಗೆ ಹೋಗುತ್ತೇನೆ, ಬರಿಗೈಯಲ್ಲಿ. ಮೇಷ್ಟ್ರ ಬಾಗಿಲಿಗೆ ಅದರ ಮರುದಿನ. ಹಾಲಮ್ಮನ ಮನೆಯ ಜಗಲಿಯ ಮೇಲೆ ಮೊದಲು ಮಗಳನ್ನೇ ಕರೆದು, ಅವಳವ್ವನಿಗೆ ಕೇಳುವ ಹಾಗೆ ಹೇಳಬೇಕೆಂದಿದ್ದೇನೆ: “ನಿಮ್ಮವ್ವ ಹಾಕಿದ ಗಂಟು ಗಟ್ಟಿಯಾಗೇ ಇತ್ತು ಕಣವ್ವ. ಬುರುಡೆ ಒಡ್ದಿತ್ತು. ಅದು ಒಡ್ದಿದ್ದು ನಂಗೊಬ್ಬನಿಗೇ ಗೊತ್ತಿತ್ತು.”

ಆಮೇಲೆ ಹಾಲಮ್ಮ ಏನು ಹೇಳುತ್ತಾಳೋ. ಏನೇ ಹೇಳಲಿ, ಈ ಸಲ ನಾನು ಎದುರು ಮಾತಾಡುವುದಿಲ್ಲ.